ಶಾಲಾ ಹಾಕಿ: ಒಂದು ಋತು, ಮೂರು ತಂಡಗಳು

ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗಿ, ಮಳೆ ಇನ್ನೂ ಬಿಡುವು ಕೊಡದಿರುವಾಗಲೇ ಇಲಾಖೆಯ ಕ್ರೀಡಾಕೂಟಗಳು ಶುರುವಾಗುತ್ತವೆ. ನಮ್ಮ ಧರ್ಮಕೇಂದ್ರದ ಶಾಲೆಯ ಹುಡುಗರು ಹಾಕಿ ಆಡಲು ಹೋಗಿದ್ದಾರೆಂದು ತಿಳಿದಾಗ ನಾವೆಲ್ಲರೂ ಕೇಳುವ ಪ್ರಶ್ನೆ ಒಂದೇ: ಕಪ್ ಬಂತೇ? ಕಪ್ ಬಂದರೆ ಶಾಲೆಗೆ ಗೌರವ, ಮಕ್ಕಳಿಗೆ ಸಂತೋಷ. ಆದರೆ ಒಂದು ಶಾಲೆಯಲ್ಲಿ ಹಾಕಿ ಉಳಿಯುತ್ತದೆಯೋ ಇಲ್ಲವೋ ಎಂಬುದು ಕಪ್ ನೋಡಿದರೆ ತಿಳಿಯುವುದಿಲ್ಲ. ಆ ಶಾಲೆಯ ಅತಿ ಚಿಕ್ಕ ಹುಡುಗರ ತಂಡವನ್ನು ನೋಡಿದರೆ ತಿಳಿಯುತ್ತದೆ. ಶಾಲಾ ಸಮಿತಿಗಳಲ್ಲಿ, ಪಾಲನಾ ಮಂಡಳಿಗಳಲ್ಲಿ, ಯುವ ಸಂಘಟನೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಓದುಗರಿಗಾಗಿ ಹುಡುಗರ ಶಾಲಾ ಹಾಕಿಯ ಒಂದು ಋತು ಹೇಗೆ ಸಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಮೂರು ತಂಡಗಳು ಯಾವುವು?

ಭಾರತದ ಶಾಲಾ ಕ್ರೀಡೆಗಳನ್ನು ನಡೆಸಲು 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. ಅದರ ಕ್ರಮದಂತೆ ಶಾಲಾ ಆಟಗಾರರನ್ನು 14 ವರ್ಷದೊಳಗಿನವರು, 17 ವರ್ಷದೊಳಗಿನವರು, 19 ವರ್ಷದೊಳಗಿನವರು ಎಂದು ಮೂರು ವಿಭಾಗಗಳಾಗಿ ಮಾಡಲಾಗುತ್ತದೆ. ನಮ್ಮ ರಾಜ್ಯದಲ್ಲಿ ಸುಮಾರಾಗಿ ಪ್ರಾಥಮಿಕ, ಪ್ರೌಢ ಮತ್ತು ಪದವಿಪೂರ್ವ ಎಂಬ ಮೂರು ಹಂತಗಳಿಗೆ ಇವು ಹೊಂದಿಕೆಯಾಗುತ್ತವೆ. ವಯಸ್ಸನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಲೆಕ್ಕ ಹಾಕುತ್ತಾರೆ. ಹೀಗಾಗಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗರಲ್ಲಿ ಡಿಸೆಂಬರ್ ಕೊನೆಯ ವಾರ ಹುಟ್ಟಿದವನು ದೊಡ್ಡವರ ವಿಭಾಗಕ್ಕೆ ಹೋಗಬಹುದು, ಜನವರಿ ಮೊದಲ ವಾರ ಹುಟ್ಟಿದವನು ಚಿಕ್ಕವರ ವಿಭಾಗದಲ್ಲೇ ಉಳಿಯಬಹುದು. ಮನೆಯಲ್ಲಿ ಇದು ಮನಸ್ತಾಪಕ್ಕೆ ಕಾರಣವಾಗುವುದುಂಟು. ಆದರೆ ನಿಯಮ ಎಲ್ಲರಿಗೂ ಒಂದೇ.

ಮೈದಾನದಲ್ಲಿ ಒಂದು ತಂಡಕ್ಕೆ 11 ಮಂದಿ. ಬದಲಿ ಆಟಗಾರರು ಐವರು ಎಂದಿಟ್ಟುಕೊಂಡರೆ 16 ಮಂದಿ. ಮೂರು ತಂಡ ಕಟ್ಟುವ ಸಂಸ್ಥೆಗೆ 48 ಹುಡುಗರು ಬೇಕು. ಇಷ್ಟು ಹುಡುಗರಿಗೆ ಕೋಲು, ಜಾಗ, ಸಮಯ, ಕಲಿಸುವವರು ಎಲ್ಲವೂ ಬೇಕು. ಇದು ಕಷ್ಟವೆಂದು ಅನೇಕ ಶಾಲೆಗಳು ಹತ್ತನೇ ತರಗತಿಯ ಹನ್ನೊಂದು ಮಂದಿಯನ್ನು ಒಟ್ಟುಗೂಡಿಸಿ ಒಂದೇ ತಂಡ ಕಳುಹಿಸುತ್ತವೆ. ಆ ವರ್ಷ ಗೆಲುವು ಸಿಗಲೂಬಹುದು. ಮಾರ್ಚ್‌ನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಆ ಹನ್ನೊಂದು ಮಂದಿಯೂ ಒಟ್ಟಿಗೆ ಶಾಲೆ ಬಿಡುತ್ತಾರೆ. ಮುಂದಿನ ಜೂನ್‌ನಲ್ಲಿ ದೈಹಿಕ ಶಿಕ್ಷಕರು ಮತ್ತೆ ಕೋಲು ಹಿಡಿಯುವುದರಿಂದ ಆರಂಭಿಸಬೇಕು.

ತಾಲ್ಲೂಕಿನಿಂದ ರಾಜ್ಯದವರೆಗೆ

ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಸಾಮಾನ್ಯವಾಗಿ ಗೆದ್ದ ಶಾಲೆಯ ತಂಡ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ರಾಷ್ಟ್ರಮಟ್ಟಕ್ಕೆ ಮಾತ್ರ ರಾಜ್ಯದ ಆಯ್ದ ಆಟಗಾರರ ತಂಡ ಹೋಗುತ್ತದೆ.

ಇದನ್ನು ಅರಿಯಲು ಒಂದು ಉದಾಹರಣೆ ನೋಡೋಣ. ಚಿತ್ರದುರ್ಗ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು. ಈ ಜಿಲ್ಲೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಕರಾವಳಿಯಿಂದ ಹೋದ ಗುರುಗಳು, ಧರ್ಮಭಗಿನಿಯರು ಬಯಲುಸೀಮೆಯ ಶಾಲೆಗಳಲ್ಲಿ ಸೇವೆ ಮಾಡುತ್ತ ಬಂದಿರುವುದರಿಂದ ಆ ಊರುಗಳು ನಮಗೆ ಹೊಸತಲ್ಲ. ಹೊಳಲ್ಕೆರೆಯ ಒಂದು ಶಾಲೆ ಹಾಕಿ ತಂಡ ಕಟ್ಟಿತೆಂದು ಭಾವಿಸೋಣ. ತಾಲ್ಲೂಕಿನಲ್ಲಿ ಬೇರೆ ಯಾವ ಶಾಲೆಯೂ ಹೆಸರು ಕೊಡದಿದ್ದರೆ ಈ ತಂಡ ಒಂದು ಪಂದ್ಯವನ್ನೂ ಆಡದೆ ಜಿಲ್ಲಾ ಮಟ್ಟಕ್ಕೆ ಹೋಗುತ್ತದೆ. ಅಲ್ಲಿಯೂ ಎರಡು ಮೂರು ತಂಡಗಳಷ್ಟೇ ಬಂದಿದ್ದರೆ ಒಂದೆರಡು ಪಂದ್ಯ ಗೆದ್ದು ವಿಭಾಗ ಮಟ್ಟ ಸೇರುತ್ತದೆ. ಶಾಲೆಯ ಫಲಕದಲ್ಲಿ 'ವಿಭಾಗ ಮಟ್ಟಕ್ಕೆ ಆಯ್ಕೆ' ಎಂದು ಬರೆಯುತ್ತಾರೆ. ಆದರೆ ಚಿತ್ರದುರ್ಗ ಇರುವುದು ಬೆಂಗಳೂರು ವಿಭಾಗದಲ್ಲಿ. ಅಲ್ಲಿ ಎದುರಾಗುವುದು ವರ್ಷವಿಡೀ ಟರ್ಫ್ ಮೇಲೆ ಆಡುವ ರಾಜಧಾನಿಯ ಹುಡುಗರು.

ನಮ್ಮ ಕರಾವಳಿಯ ಸ್ಥಿತಿಯೂ ಬೇರೆಯಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಮೈಸೂರು ವಿಭಾಗಕ್ಕೆ ಸೇರಿವೆ. ಕೊಡಗು ಕೂಡ ಅದೇ ವಿಭಾಗದಲ್ಲಿದೆ. ಅಂದರೆ ನಮ್ಮ ಹುಡುಗರು ರಾಜ್ಯಮಟ್ಟ ನೋಡಬೇಕಾದರೆ ಮೊದಲು ಕೊಡಗಿನ ಹುಡುಗರನ್ನು ಸೋಲಿಸಬೇಕು. ಹೊಳಲ್ಕೆರೆಯವರಿಗೆ ಬೆಂಗಳೂರು ಹೇಗೋ ನಮಗೆ ಕೊಡಗು ಹಾಗೆ.

ಆಡದೆ ಮೇಲೇರಿ, ಒಮ್ಮೆಲೇ ದೊಡ್ಡ ಅಂತರದಿಂದ ಸೋತು ಬರುವ ಹುಡುಗರ ಮನಸ್ಸು ಏನಾಗಬಹುದೆಂದು ನಾವು ಯೋಚಿಸಬೇಕು. ಅವರಲ್ಲಿ ಹಲವರು ಮರುವರ್ಷ ಕೋಲು ಮುಟ್ಟುವುದಿಲ್ಲ. ಇದಕ್ಕೆ ಪರಿಹಾರ ಮೇಲಿನ ಮೆಟ್ಟಿಲಿನಲ್ಲಿಲ್ಲ, ಕೆಳಗಿನ ಮೆಟ್ಟಿಲಿನಲ್ಲಿದೆ. ಹತ್ತಿರದ ನಾಲ್ಕು ಶಾಲೆಗಳು ಸೇರಿ ಜುಲೈ-ಆಗಸ್ಟ್‌ನಲ್ಲಿ ಶನಿವಾರಗಳಂದು ತಮ್ಮತಮ್ಮೊಳಗೆ ಪಂದ್ಯ ನಡೆಸಿದರೆ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯಗಳ ಅನುಭವ ಸಿಗುತ್ತದೆ. ಇದಕ್ಕೆ ಇಲಾಖೆಯ ಆದೇಶ ಬೇಕಾಗಿಲ್ಲ, ಮುಖ್ಯೋಪಾಧ್ಯಾಯರು ಪರಸ್ಪರ ಮಾತನಾಡಿಕೊಂಡರೆ ಸಾಕು.

ಕೊಡಗು ಕಲಿಸುವ ಪಾಠ

ಕೊಡಗಿನವರು ಹಾಕಿಯಲ್ಲಿ ಮುಂದಿರುವುದಕ್ಕೆ ಅಲ್ಲಿನ ಹವೆ, ರಕ್ತಗುಣ ಎಂದು ಕಾರಣ ಹೇಳುವವರಿದ್ದಾರೆ. ನಮಗೆ ಕಾಣುವ ಕಾರಣ ಇನ್ನೂ ಸರಳ. ಅಲ್ಲಿ ಚಿಕ್ಕವರಿಗೆ ಆಡಲು ಅವಕಾಶ ಹೆಚ್ಚು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಕುಟುಂಬಗಳ ತಂಡಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಉತ್ಸವದಲ್ಲಿ ತಂಡಗಳ ಸಂಖ್ಯೆ 360ಕ್ಕೆ ಏರಿ ಗಿನ್ನೆಸ್ ದಾಖಲೆಯಾಯಿತು. ಒಂದೇ ತಂಡದಲ್ಲಿ ಅಜ್ಜ, ಮಗ, ಮೊಮ್ಮಗ ಆಡುವ ಉತ್ಸವವಿದು. ಹತ್ತು ವರ್ಷದ ಹುಡುಗ ದೊಡ್ಡವರ ಪಕ್ಕದಲ್ಲೇ ನಿಂತು ಕಲಿಯುತ್ತಾನೆ.

1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ಕೊಡಗಿನವರು. 2012ರ ಲಂಡನ್ ಮತ್ತು 2016ರ ರಿಯೋ ಒಲಿಂಪಿಕ್ಸ್‌ಗಳಲ್ಲಿ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯ ಸಾಮಾನ್ಯ ಕುಟುಂಬದಿಂದ ಬಂದವರು. ಇವರಲ್ಲಿ ಯಾರೂ ಒಂದೇ ದಿನದಲ್ಲಿ ಆಟಗಾರರಾಗಲಿಲ್ಲ.

ಕ್ರೈಸ್ತ ಶಾಲೆಗಳಲ್ಲೂ ಇಂಥ ಪರಂಪರೆ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದ ವಿರೇನ್ ರಸ್ಕಿನ್ಹಾ ಮುಂಬಯಿಯ ಬಾಂದ್ರಾದಲ್ಲಿ ಜೆಸ್ವಿತ್ ಗುರುಗಳು ನಡೆಸುವ ಸಂತ ಸ್ಟಾನಿಸ್ಲಾಸ್ ಶಾಲೆಯಲ್ಲಿ ಓದಿದವರು. ಹಾಕಿಗಾಗಿ ಓದು ಬಿಡದೆ ಮುಂದೆ ಆಡಳಿತ ಶಿಕ್ಷಣ ಪಡೆದು, ಒಲಿಂಪಿಕ್ಸ್‌ಗೆ ಸಿದ್ಧರಾಗುವ ಕ್ರೀಡಾಪಟುಗಳಿಗೆ ನೆರವಾಗುವ ಸಂಸ್ಥೆಯ ಹೊಣೆ ಹೊತ್ತರು.

ಟರ್ಫ್ ಇಲ್ಲದಿದ್ದರೆ?

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಲಾಯಿತು. ಅಂದಿನಿಂದ ಆಟದ ವೇಗ ಬದಲಾಗಿದೆ. ಪೂರ್ಣ ಮೈದಾನದ ಉದ್ದ 91.40 ಮೀಟರ್, ಅಗಲ 55 ಮೀಟರ್. ಅಷ್ಟಕ್ಕೂ ಟರ್ಫ್ ಹಾಸುವುದು ಒಂದು ಶಾಲೆಯ ಶಕ್ತಿಗೆ ಮೀರಿದ್ದು. ಆದರೆ ಚಿಕ್ಕವರಿಗೆ ಪೂರ್ಣ ಮೈದಾನವೇ ಬೇಕಾಗಿಲ್ಲ. ಚರ್ಚ್ ಮೈದಾನದ ಅರ್ಧ ಭಾಗವನ್ನು ಕಲ್ಲು ಹೆಕ್ಕಿ, ಮಟ್ಟ ಮಾಡಿ, ಸುಣ್ಣದ ಗೆರೆ ಎಳೆದರೆ ಐದೈದು ಮಂದಿ ಆಡುವ ಪಂದ್ಯ ನಡೆಸಬಹುದು. ಬಯಲುಸೀಮೆಯಲ್ಲಿ ನೆಲ ಬೇಗ ಒಣಗುತ್ತದೆ. ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್‌ವರೆಗೂ ಕೆಸರು. ಮಳೆಗಾಲದಲ್ಲಿ ಶಾಲೆಯ ಸಭಾಭವನದ ನೆಲದಲ್ಲೇ ಚೆಂಡು ತಡೆಯುವುದು, ತಳ್ಳುವುದು ಕಲಿಸಬಹುದು. ಸಮತಟ್ಟಾದ ನೆಲದಲ್ಲಿ ಕಲಿತ ಕೈ ಟರ್ಫ್ ಮೇಲೂ ಹೊಂದಿಕೊಳ್ಳುತ್ತದೆ.

ಸಾಮಾನ್ಯ ಕೋಲುಗಳನ್ನು ಹಿಪ್ಪುನೇರಳೆ ಮರದಿಂದ ಮಾಡುತ್ತಾರೆ. ಪಂಜಾಬಿನ ಜಲಂಧರ ಇದಕ್ಕೆ ಹೆಸರುವಾಸಿ. ಕಲಿಯುವವರಿಗೆ ಮರದ ಕೋಲೇ ಸಾಕು. ಆದರೆ ರಕ್ಷಣೆಯಲ್ಲಿ ಮಿತವ್ಯಯ ಬೇಡ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಮೊಣಕಾಲಿನ ಕೆಳಗಿನ ಪ್ಯಾಡ್, ಹಲ್ಲಿನ ಗಾರ್ಡ್ ಇಲ್ಲದೆ ಯಾವ ಹುಡುಗನನ್ನೂ ಇಳಿಸಬಾರದು. ಗೋಲ್‌ಕೀಪರ್‌ಗೆ ಹೆಲ್ಮೆಟ್, ಎದೆಕವಚ, ಕಾಲಿನ ಪ್ಯಾಡ್, ಕಿಕ್ಕರ್ ಎಲ್ಲವೂ ಬೇಕು. ದೊಡ್ಡವರ ಪ್ಯಾಡ್ ಚಿಕ್ಕ ಹುಡುಗನಿಗೆ ಕಟ್ಟಿದರೆ ಅವನು ನಡೆಯಲೂ ಆಗದೆ ಆಟವನ್ನೇ ಬಿಡುತ್ತಾನೆ. ಮೂರು ತಂಡಗಳಿರುವ ಶಾಲೆಯಲ್ಲಿ ಕನಿಷ್ಠ ಎರಡು ಅಳತೆಯ ಗೋಲ್‌ಕೀಪರ್ ಸೆಟ್ ಇರುವುದು ಒಳ್ಳೆಯದು. ಹಳೆ ವಿದ್ಯಾರ್ಥಿಗಳು ದಾನ ಕೊಡಲು ಬಯಸಿದರೆ ಟ್ರೋಫಿಗಿಂತ ಮೊದಲು ಇದನ್ನು ಕೇಳಿ.

ಬೆಂಚಿನಲ್ಲಿ ಕುಳಿತ ಹುಡುಗ

ಹಾಕಿಯ ಒಂದು ನಿಯಮ ಶಾಲೆಗಳಿಗೆ ವರದಾನ. ಎಷ್ಟು ಬಾರಿ ಆಟಗಾರರನ್ನು ಬದಲಿಸಬಹುದು ಎಂಬುದಕ್ಕೆ ಫುಟ್ಬಾಲ್‌ನಂತೆ ಇಲ್ಲಿ ಮಿತಿಯಿಲ್ಲ. ಹೊರಬಂದವನು ವಿಶ್ರಾಂತಿ ಪಡೆದು ಮತ್ತೆ ಒಳಹೋಗಬಹುದು. ಅಂತರರಾಷ್ಟ್ರೀಯ ಹಾಕಿಯಲ್ಲಿ ಹಿಂದೆ 35 ನಿಮಿಷಗಳ ಎರಡು ಅರ್ಧಗಳಿದ್ದವು. 2014ರಿಂದ 15 ನಿಮಿಷಗಳ ನಾಲ್ಕು ಭಾಗಗಳ ಕ್ರಮ ಬಂತು. ಹೀಗಿರುವಾಗ 16 ಹುಡುಗರನ್ನು ಕರೆದೊಯ್ದು 11 ಮಂದಿಯನ್ನಷ್ಟೇ ಆಡಿಸಿ ಕರೆತರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ಬಸ್ಸಿನಲ್ಲಿ ಬಂದ ಹುಡುಗ ಐದು ನಿಮಿಷವಾದರೂ ಆಡಿ ಮನೆಗೆ ಹೋಗಬೇಕು. ಮುಂದಿನ ವರ್ಷದ ತಂಡ ತಯಾರಾಗುವುದು ಆ ಐದು ನಿಮಿಷಗಳಲ್ಲೇ.

ವಯಸ್ಸು ಮತ್ತು ಪ್ರಾಮಾಣಿಕತೆ

ಗೆಲ್ಲುವ ಆಸೆಯಿಂದ ದೊಡ್ಡ ಹುಡುಗನನ್ನು ಚಿಕ್ಕವರ ವಿಭಾಗದಲ್ಲಿ ಆಡಿಸುವ ಪಿಡುಗು ಶಾಲಾ ಕ್ರೀಡೆಗಳಲ್ಲಿ ಹಳೆಯದು. ಇದರಲ್ಲಿ ಮೊದಲು ಮೋಸ ಹೋಗುವುದು ಎದುರಾಳಿಯಲ್ಲ, ಜಾಗ ಕಳೆದುಕೊಂಡ ನಮ್ಮದೇ ಶಾಲೆಯ ಚಿಕ್ಕ ಹುಡುಗ. ಜೊತೆಗೆ ದೊಡ್ಡವರ ಸುಳ್ಳಿಗೆ ಸಾಕ್ಷಿಯಾಗುವ ಹೊರೆ ಇಡೀ ತಂಡದ ಮೇಲೆ ಬೀಳುತ್ತದೆ. ಶಾಲಾ ದಾಖಲಾತಿ ಮತ್ತು ಜನನ ಪ್ರಮಾಣಪತ್ರ ಒಂದೇ ಇರುವಂತೆ ನೋಡಿಕೊಳ್ಳುವುದು ಮುಖ್ಯೋಪಾಧ್ಯಾಯರ ಕರ್ತವ್ಯ. ನೈತಿಕ ಶಿಕ್ಷಣದ ತರಗತಿಯಲ್ಲಿ ಹೇಳಿದ್ದನ್ನು ಮೈದಾನದಲ್ಲಿ ಅಳಿಸಿಬಿಟ್ಟರೆ ಮಕ್ಕಳು ನೆನಪಿಡುವುದು ಮೈದಾನದ ಪಾಠವನ್ನೇ.

ಪರೀಕ್ಷೆಯ ಭಯ

17 ವರ್ಷದೊಳಗಿನ ತಂಡದ ಅನೇಕ ಹುಡುಗರು ಹತ್ತನೇ ತರಗತಿಯವರು. ರಾಜ್ಯ, ರಾಷ್ಟ್ರಮಟ್ಟದ ಕೂಟಗಳು ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತವೆ. ಅದರ ಬೆನ್ನಿಗೇ ಪೂರ್ವಸಿದ್ಧತಾ ಪರೀಕ್ಷೆ. ತಂದೆತಾಯಿಯರು ಹೆದರಿ ಮಗನನ್ನು ಬಿಡಿಸುವುದು ಸಹಜ. ಅವರನ್ನು ದೂರುವ ಬದಲು ಶಾಲೆ ಮುಂದೆ ಬಂದು, ತಪ್ಪಿದ ಪಾಠಗಳಿಗೆ ಸಂಜೆ ತರಗತಿ ಏರ್ಪಡಿಸಬೇಕು. ಎಂಟು, ಒಂಬತ್ತನೇ ತರಗತಿಯಲ್ಲೇ ಹುಡುಗರು ತಂಡದಲ್ಲಿ ಬೆರೆತಿದ್ದರೆ ಹತ್ತನೆಯವರ ಮೇಲಿನ ಭಾರ ಕಡಿಮೆಯಾಗುತ್ತದೆ. ಪ್ರಮಾಣಪತ್ರಗಳನ್ನು ಜೋಪಾನವಾಗಿಡಲು ಮಕ್ಕಳಿಗೆ ತಿಳಿಸಬೇಕು. ಸಿ.ಇ.ಟಿ. ಪ್ರವೇಶದಲ್ಲಿ ಕ್ರೀಡಾ ಕೋಟಾ ಎಂಬುದೊಂದಿದೆ. ಆ ಸೀಟುಗಳು ಕೆಲವೇ ಆದ್ದರಿಂದ ಅದೇ ಆಸೆಯಿಂದ ಆಡಿಸುವುದು ಸರಿಯಲ್ಲ. ಅರ್ಹನಾದವನಿಗೆ ಅದು ತಪ್ಪಿಹೋಗಲೂಬಾರದು.

ಕಲಿಸುವವರು ಯಾರು?

ಹೊಳಲ್ಕೆರೆ ತಾಲ್ಲೂಕಿನ ಹೆಸರು ಹೇಳುವಾಗ ಮಲ್ಲಾಡಿಹಳ್ಳಿಯನ್ನು ಮರೆಯಲಾಗದು. ಕರಾವಳಿಯಲ್ಲಿ ಬಾಲ್ಯ ಕಳೆದ ರಾಘವೇಂದ್ರ ಸ್ವಾಮೀಜಿಯವರು ಅಲ್ಲಿ ಅನಾಥಸೇವಾಶ್ರಮ ಕಟ್ಟಿ, 1996ರಲ್ಲಿ ನಿಧನರಾಗುವವರೆಗೂ ಹಳ್ಳಿಯ ಹುಡುಗರಿಗೆ ಯೋಗ, ವ್ಯಾಯಾಮ ಕಲಿಸಿದರು. ದೊಡ್ಡ ಕ್ರೀಡಾಂಗಣದಿಂದಲ್ಲ, ದಿನವೂ ಬೆಳಿಗ್ಗೆ ತಪ್ಪದೆ ಮೈದಾನಕ್ಕೆ ಬರುವ ಒಬ್ಬ ಗುರುವಿನಿಂದ ಕೆಲಸ ಆಗುತ್ತದೆ ಎಂಬುದಕ್ಕೆ ಅವರ ಬದುಕು ಸಾಕ್ಷಿ. ನಮ್ಮ ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಗೆ ಕಚೇರಿ ಕೆಲಸ, ಬೆಲ್ ಹೊಡೆಸುವುದು, ಮೆರವಣಿಗೆ ಸಾಲು ಮಾಡಿಸುವುದೇ ದಿನದ ಕೆಲಸವಾಗಿದ್ದರೆ ಮೂರು ತಂಡ ಬೇಡ, ಒಂದು ತಂಡವೂ ಉಳಿಯದು.

ನಾವೇನು ಮಾಡಬಹುದು?

ಪಾಲನಾ ಮಂಡಳಿಯವರು ಚರ್ಚ್ ಮೈದಾನವನ್ನು ವಾರಕ್ಕೆ ಮೂರು ಸಂಜೆ ಹುಡುಗರಿಗೆ ಬಿಟ್ಟುಕೊಡಬಹುದು. ಯುವಜನರು ಪಂದ್ಯದ ದಿನ ಗೆರೆ ಎಳೆಯಲು, ನೀರು ಕೊಡಲು, ಅಂಪೈರ್ ಆಗಲು ಬರಬಹುದು. ಹಿಂದೆ ಆಡಿದ ಹಿರಿಯರು ಚಿಕ್ಕವರಿಗೆ ಕೋಲು ಹಿಡಿಯುವುದನ್ನು ತೋರಿಸಬಹುದು. ಶಾಲಾ ಸಮಿತಿಯ ಸಭೆಯಲ್ಲಿ ವರದಿ ಕೇಳುವಾಗ ಕಪ್ ಎಷ್ಟು ಎಂಬುದರ ಜೊತೆಗೆ ಎರಡು ಪ್ರಶ್ನೆ ಸೇರಿಸೋಣ: ಈ ವರ್ಷ ಒಟ್ಟು ಎಷ್ಟು ಹುಡುಗರು ಆಡಿದರು? ಅವರಲ್ಲಿ 14 ವರ್ಷದೊಳಗಿನವರು ಎಷ್ಟು ಮಂದಿ?

ಆಗಸ್ಟ್ 29, ಮೇಜರ್ ಧ್ಯಾನ್‌ಚಂದ್ ಅವರ ಜನ್ಮದಿನ, ರಾಷ್ಟ್ರೀಯ ಕ್ರೀಡಾ ದಿನ. ಅಂದು ಭಾಷಣ ಮುಗಿದ ಮೇಲೆ ಏಳನೇ ತರಗತಿಯ ಹುಡುಗರಿಗೆ ಒಂದು ಪಂದ್ಯ ಆಡಿಸಿ. ಹೊಳಲ್ಕೆರೆಯಲ್ಲಾಗಲಿ, ನಮ್ಮ ಕಡಲತೀರದ ಊರಿನಲ್ಲಾಗಲಿ, ಹಾಕಿ ಉಳಿಯಬೇಕಾದರೆ ಅದು ಆ ಪಂದ್ಯದಿಂದಲೇ. ಈ ಋತುವಿನಲ್ಲಿ ಆಡುವ ಎಲ್ಲ ಮಕ್ಕಳಿಗೂ, ಅವರ ಹಿಂದೆ ನಿಂತ ಶಿಕ್ಷಕರಿಗೂ ಪೋಷಕರಿಗೂ ಶುಭ ಹಾರೈಸುತ್ತೇವೆ.