ಸೀತಾಳೆ ದಂಡೆ: ಇದು ಬಂದಳಿಕೆಯಲ್ಲ

ಮಲೆನಾಡಿನ ಹಳೆಯ ಮಾವು, ಹಲಸು, ಮತ್ತಿ ಮೊದಲಾದ ಮರಗಳ ಕೊಂಬೆಗಳ ಮೇಲೆ, ಪಟ್ಟಿಯಂತಹ ದಪ್ಪ ಎಲೆಗಳಿಂದಲೂ ಹಗ್ಗದಂತೆ ಜೋಲುವ ಬಿಳಿಯ ಬೇರುಗಳಿಂದಲೂ ಕೂಡಿದ ಒಂದು ಗಿಡವು ಕುಳಿತಿರುವುದುಂಟು. ವರ್ಷದ ಬಹುಭಾಗ ಅದನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಮುಂಗಾರು ಹಿಡಿಯುವ ಮೇ, ಜೂನ್ ತಿಂಗಳುಗಳಲ್ಲಿ ಮಾತ್ರ ಎಲೆಗಳ ಸಂದಿನಿಂದ ನರಿಯ ಬಾಲದಂತೆ ದಟ್ಟವಾದ ಹೂಗೊಂಚಲು ಒಂದಡಿಗೂ ಹೆಚ್ಚು ಉದ್ದಕ್ಕೆ ಇಳಿಬೀಳುತ್ತದೆ. ಬಿಳಿಯ ದಳಗಳ ಮೇಲೆ ನೇರಳೆಗೆಂಪಿನ ಚುಕ್ಕೆಗಳುಳ್ಳ ಪುಟ್ಟ ಹೂಗಳು ಒಂದೊಂದು ಗೊಂಚಲಿನಲ್ಲಿಯೂ ನೂರಕ್ಕೆ ಮೇಲ್ಪಟ್ಟಿರುವುದುಂಟು. ಇದೇ ಸೀತಾಳೆ ದಂಡೆ. ಹೆಣ್ಣುಮಕ್ಕಳು ಮುಡಿಯುವ ದಂಡೆಯನ್ನು ಕಟ್ಟುವ ಶ್ರಮವನ್ನು ಪ್ರಕೃತಿಯೇ ವಹಿಸಿಕೊಂಡಂತಿರುವುದರಿಂದ ಹೆಸರು ಸಾರ್ಥಕವಾಗಿದೆ. ಅಸ್ಸಾಮಿನಲ್ಲಿ ಇದಕ್ಕೆ ಕಪೌ ಹೂವೆಂದು ಹೆಸರು. ಬಿಹು ಹಬ್ಬದ ಕುಣಿತದಲ್ಲಿ ಸ್ತ್ರೀಯರು ಇದನ್ನು ಮುಡಿಯುತ್ತಾರೆ, ಮತ್ತು ಇದು ಆ ರಾಜ್ಯದ ಪುಷ್ಪವೂ ಹೌದು. ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೊಸ್ಟೈಲಿಸ್ ರೆಟ್ಯೂಸಾ ಎನ್ನುತ್ತಾರೆ. 1753ರಲ್ಲಿ ಲಿನೇಯಸನು ಇದನ್ನು ಬೇರೊಂದು ಹೆಸರಿನಿಂದ ವರ್ಣಿಸಿದ್ದನು.

ಇಂತಹ ಗಿಡವನ್ನು ಅನೇಕ ಜಮೀನುದಾರರು ಬಂದಳಿಕೆಯೆಂದು ಭಾವಿಸಿ, ಮರಗಸಿ ಮಾಡುವಾಗ ಕತ್ತಿಯಿಂದ ಕೆರೆದು ಕೆಡಹುವುದು ವಿಷಾದಕರ. ಬಂದಳಿಕೆಯು ಮಾವಿನ ತೋಟಕ್ಕೆ ನಿಜವಾದ ಶತ್ರು. ಅದರ ಬೇರು ತೊಗಟೆಯನ್ನು ಭೇದಿಸಿ ಮರದ ಒಳಗಣ ರಸವನ್ನೇ ಹೀರುತ್ತದೆ. ಅದು ಅಂಟಿಕೊಂಡ ಸ್ಥಳದಲ್ಲಿ ಕೊಂಬೆಯು ಗಂಟಾಗಿ ಊದಿಕೊಳ್ಳುತ್ತದೆ, ತುದಿಯ ಭಾಗವು ಕ್ರಮೇಣ ಒಣಗುತ್ತದೆ. ಅದರ ರೆಂಬೆಗಳು ಕಟ್ಟಿಗೆಯಂತೆ ಗಡುಸು. ಅಂಟುಳ್ಳ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಮರದಿಂದ ಮರಕ್ಕೆ ಒಯ್ಯುವುದರಿಂದ, ಹಣ್ಣಾಗುವುದಕ್ಕೆ ಮೊದಲೇ ಅದನ್ನು ಅಂಟಿದ ಕೊಂಬೆಯ ಸಮೇತ ಕಡಿಯತಕ್ಕದ್ದು.

ಸೀತಾಳೆ ದಂಡೆಯ ಬಾಳು ಬೇರೆ. ಅದರ ಬೇರುಗಳು ತೊಗಟೆಯ ಮೇಲೆ ಹರಡುತ್ತವೆಯೇ ಹೊರತು ಒಳಗೆ ಇಳಿಯುವುದಿಲ್ಲ. ಒಂದು ಬೇರನ್ನು ಮೆಲ್ಲನೆ ಎಬ್ಬಿಸಿ ನೋಡಿದರೆ ಕೆಳಗಿನ ತೊಗಟೆಗೆ ಗಾಯವೇ ಇರದು. ಬೇರಿನ ಸುತ್ತ ಬೆಂಡಿನಂತಹ ಬಿಳಿಯ ಪೊರೆಯಿದ್ದು, ಅದು ಮಳೆಯ ನೀರನ್ನೂ ನೀರಿನೊಡನೆ ಹರಿದುಬರುವ ಧೂಳು ಕಸಗಳ ಸಾರವನ್ನೂ ಹೀರಿಕೊಳ್ಳುತ್ತದೆ. ನೀರು ತಾಗಿದೊಡನೆ ಬಿಳಿಯ ಬೇರು ಹಸಿರಾಗುವುದನ್ನು ಮಕ್ಕಳಿಗೂ ತೋರಿಸಬಹುದು. ಮರವು ಇದಕ್ಕೆ ಕುಳಿತುಕೊಳ್ಳಲು ಮಣೆ ಮಾತ್ರ. ಸಣ್ಣ ಕೊಂಬೆಯೊಂದರ ಮೇಲೆ ಹಿಂಡು ಹೆಚ್ಚಾಗಿ ಭಾರವಾದರೆ ಕೆಲವನ್ನು ಬೇರೆಡೆಗೆ ಸಾಗಿಸಬಹುದು. ಅದಕ್ಕಿಂತ ಹೆಚ್ಚಿನ ಆತಂಕವಿಲ್ಲ.

ಒಮ್ಮೆ ಹೋದ ಗಿಡವು ಬೇಗ ಮರಳಿ ಬರುವುದಿಲ್ಲವೆಂಬುದು ಮುಖ್ಯವಾದ ವಿಷಯ. ಇದರ ಬೀಜವು ಧೂಳಿನಷ್ಟು ಸೂಕ್ಷ್ಮ. ಭತ್ತದ ಕಾಳಿನಲ್ಲಿರುವಂತೆ ಮೊಳಕೆಗೆ ಬುತ್ತಿ ಅದರಲ್ಲಿ ಇರುವುದಿಲ್ಲ. ತೊಗಟೆಯಲ್ಲಿ ವಾಸಿಸುವ ಒಂದು ಬಗೆಯ ಶಿಲೀಂಧ್ರವು ಆಹಾರವನ್ನು ಒದಗಿಸಿದರೆ ಮಾತ್ರ ಬೀಜವು ಮೊಳೆಯುವುದು. ಅಮೆರಿಕೆಯ ನಡ್ಸನ್ ಎಂಬ ವಿದ್ವಾಂಸನು ಸಕ್ಕರೆ ಬೆರೆಸಿದ ಪಾಕದ ಮೇಲೆ, ಶಿಲೀಂಧ್ರದ ನೆರವಿಲ್ಲದೆಯೇ, ಆರ್ಕಿಡ್ ಬೀಜಗಳನ್ನು ಮೊಳೆಯಿಸಬಹುದೆಂದು 1922ರಲ್ಲಿ ಪ್ರಕಟಿಸಿದನು. ಪ್ರಯೋಗಶಾಲೆಗಳಲ್ಲಿ ಸಸಿ ಮಾಡುವ ಕ್ರಮಕ್ಕೆ ಅದೇ ಬುನಾದಿ. ಆದರೆ ಅದು ಹಿತ್ತಿಲಲ್ಲಿ ಆಗುವ ಕೆಲಸವಲ್ಲ, ಹಾಗೆ ಹುಟ್ಟಿದ ಸಸಿಯೂ ಹೂ ಬಿಡಲು ಹಲವು ವರ್ಷ ಬೇಕು. ಆದಕಾರಣ ಊರಿನ ಹಳೆಯ ಸಾಲುಮರವೊಂದು ಉರುಳಿದಾಗ ಅದರ ಮೇಲಿನ ಸೀತಾಳೆ ಸೌದೆಯೊಡನೆ ಬೆಂಕಿಗೆ ಹೋಗದಂತೆ ನೋಡಿಕೊಳ್ಳುವುದು ಗ್ರಾಮದ ಮುಖಂಡರಿಂದ ಆಗಬಹುದಾದ ಉಪಕಾರ.

ಬಿದ್ದ ಕೊಂಬೆಯಿಂದ ಗಿಡವನ್ನು ಕಿತ್ತೆಳೆಯಕೂಡದು. ಸಾಧ್ಯವಿದ್ದರೆ ತೊಗಟೆಯ ತುಂಡಿನ ಸಮೇತ ಬಿಡಿಸಿ, ಮುರಿದ ಮತ್ತು ಕೊಳೆತ ಬೇರುಗಳನ್ನು ಹರಿತವಾದ ಚಾಕುವಿನಿಂದ ಸವರಿ, ಒಂದೆರಡು ದಿನ ನೆರಳಿನಲ್ಲಿಡಬೇಕು. ಬೇರಿನ ತುದಿಗಳು ಹಸಿರಾಗಿ ಬೆಳೆಯಲು ತೊಡಗುವ ಮುಂಗಾರಿನ ಆರಂಭವೇ ಕಟ್ಟುವುದಕ್ಕೆ ಪ್ರಶಸ್ತ ಕಾಲ. ಒರಟು ತೊಗಟೆಯ ಮಾವು ಅಥವಾ ಹಲಸು ಉತ್ತಮ. ಸೀಬೆ, ನೀಲಗಿರಿಗಳಂತೆ ತೊಗಟೆ ಕಳಚುವ ಮರಗಳನ್ನು ಬಿಡಬೇಕು; ಹಿಡಿದ ಬೇರು ತೊಗಟೆಯೊಡನೆಯೇ ಉದುರುವುದು. ಬೆಳಗಿನ ಬಿಸಿಲು ಎಲೆಗಳ ನಡುವೆ ಸೋಸಿ ಬೀಳುವ ಎಡೆಯನ್ನು ಆರಿಸಿ, ಗಿಡದ ತಲೆಯು ಸ್ವಲ್ಪ ಹೊರಕ್ಕೆ ಬಾಗಿರುವಂತೆ ಬಾಳೆನಾರಿನಿಂದಲೋ ತೆಂಗಿನ ಹುರಿಯಿಂದಲೋ ಬಿಗಿಯತಕ್ಕದ್ದು. ಎಲೆಗಳ ಬುಡದಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಈ ಗಿಡಕ್ಕೆ ಸುಳಿ ಒಂದೇ. ತಾಮ್ರದ ತಂತಿಯನ್ನು ಉಪಯೋಗಿಸಲೇಬಾರದು, ತಾಮ್ರವು ಬೇರಿಗೆ ವಿಷ. ಬೇರುಗಳ ಮೇಲೆ ಮಣ್ಣನ್ನಾಗಲಿ ಸಗಣಿಯನ್ನಾಗಲಿ ಮೆತ್ತುವ ಅಭ್ಯಾಸವೂ ಕೆಟ್ಟದ್ದು. ಉಪಕಾರವೆಂದು ಮಾಡುವ ಈ ಕೆಲಸದಿಂದ ಉಸಿರು ಕಟ್ಟಿ ಸತ್ತ ಗಿಡಗಳು ಕಡಮೆಯಲ್ಲ.

ಬಯಲುಸೀಮೆಯಲ್ಲಿ ಬೆಳೆಸುವವರು ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಲು, ಹೆಂಚಿನ ಚೂರುಗಳನ್ನು ಸಡಿಲವಾಗಿ ತುಂಬಿ, ಗಾಳಿಯಾಡುವ ಜಗಲಿಯ ಅಂಚಿನಲ್ಲೋ ಮರದ ನೆರಳಿನಲ್ಲೋ ತೂಗುಹಾಕಬಹುದು. ಬೇಸಿಗೆಯಲ್ಲಿ ಪ್ರತಿದಿನ ಬೆಳಗ್ಗೆ ನೀರು ಚಿಮುಕಿಸಬೇಕು. ಚಳಿಗಾಲದಲ್ಲಿ ಬೇರು ಪೂರ್ತಿ ಬೆಳ್ಳಗಾದ ಮೇಲೆಯೇ ನೀರು ಕೊಟ್ಟರೆ ಸಾಕು. ಬಸವನಹುಳು ಎಳೆಯ ಬೇರಿನ ತುದಿಯನ್ನು ಕೊರೆಯುವುದರಿಂದ ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರ ಹಿಡಿದು ಒಮ್ಮೆ ನೋಡುವುದು ಲೇಸು.

ಕಾಡಿನಿಂದ ಕಿತ್ತುತಂದು ಮಾರುವವರಿಂದ ಕೊಳ್ಳಕೂಡದು. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡಗಳನ್ನು ತೆಗೆಯುವುದು ಅಪರಾಧ. ಆರ್ಕಿಡ್ ಜಾತಿಗಳೆಲ್ಲವುಗಳ ಹೊರದೇಶದ ವ್ಯಾಪಾರವೂ 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಡಂಬಡಿಕೆಯ ಹತೋಟಿಗೆ ಒಳಪಟ್ಟಿದೆ. ಸಂತೆಯಲ್ಲಿ ಕಾಣುವ ಬೇರು ಹರಿದ ಗಿಡಗಳು ಬಹುಪಾಲು ಬದುಕುವುದೂ ಇಲ್ಲ.

ಸ್ಥಳ ಬದಲಾದ ಗಿಡವು ಮರುವರ್ಷ ಹೂ ಬಿಡದಿದ್ದರೆ ಅದನ್ನು ಮತ್ತೆ ಕಿತ್ತು ಬೇರೆಡೆಗೆ ಕಟ್ಟಬಾರದು. ಹೊಸ ಬೇರುಗಳು ತೊಗಟೆಯನ್ನು ಹಿಡಿಯುತ್ತಿದ್ದರೆ ಅದು ಕುದುರಿಕೊಳ್ಳುತ್ತಿದೆಯೆಂದೇ ತಿಳಿಯಬೇಕು. ಬೇರುಗಳು ಗಟ್ಟಿಯಾಗಿ ಹಿಡಿದ ಮೇಲೆ ಕಟ್ಟಿದ ಹುರಿಯನ್ನು ಕೊಯ್ದು ತೆಗೆಯಬಹುದು.