ಮುಚ್ಚಿಹೋದ ನಾಲೆಯ ಪಕ್ಕದ ಮಂಡಿ ಮೊಹಲ್ಲಾ

ಮೈಸೂರಿಗೆ ಬರುವವರ ಪಟ್ಟಿ ಮನೆಯಲ್ಲೇ ಸಿದ್ಧವಾಗಿರುತ್ತದೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಅರಮನೆ, ಸಂಜೆಗೆ ಬೃಂದಾವನ. ರಾತ್ರಿ ಊಟಕ್ಕೆ ಮುಂಚೆ ಊರು ಮುಗಿಯಿತು. ಇದೇ ಜನ ನೆದರ್ಲೆಂಡ್ಸ್‌ಗೆ ಹೊರಟರೆ ಲೆಕ್ಕಾಚಾರವೇ ಬೇರೆ. ಉಟ್ರೆಕ್ಟ್‌ನಲ್ಲಿ ಯಾವ ನಾಲೆಯ ದಂಡೆ ಹಿಡಿದು ನಡೆಯಬೇಕು, ಡೆಲ್ಫ್ಟ್‌ನ ಯಾವ ಸೇತುವೆಯ ಮೇಲೆ ನಿಂತರೆ ಚರ್ಚಿನ ಗೋಪುರ ಚೆನ್ನಾಗಿ ಕಾಣುತ್ತದೆ, ಯಾವ ಓಣಿಯ ಬೇಕರಿ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ವಾರಗಟ್ಟಲೆ ನಕಾಶೆ ಹರಡಿಕೊಂಡು ಕೂರುತ್ತಾರೆ. ಹಳೇ ಊರನ್ನು ಕಾಲಿನಲ್ಲಿ ಅಳೆಯುವ ಸುಖಕ್ಕೆ ವೀಸಾ ಬೇಕೇಬೇಕು ಎಂಬ ನಂಬಿಕೆ ನಮ್ಮಲ್ಲಿ ಅದು ಹೇಗೋ ಬೇರುಬಿಟ್ಟಿದೆ. ಅಷ್ಟೇ ಶ್ರದ್ಧೆಯನ್ನು ಮೈಸೂರು ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಮಂಡಿ ಮೊಹಲ್ಲಾಕ್ಕೆ ತೋರಿಸಿದರೆ ಏನು ಸಿಗುತ್ತದೆ ಎಂಬುದು ಈ ಲೇಖನದ ವಿಷಯ.

ನಾಲೆಯ ಮಾತು ಬಂತಲ್ಲ, ಅದನ್ನೇ ಮೊದಲು ಹೇಳಿಬಿಡೋಣ. ಮೈಸೂರಿಗೂ ಒಂದು ನಾಲೆಯಿತ್ತು. 1799ರಿಂದ 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯ ಕಾವೇರಿ ನೀರನ್ನು ಊರೊಳಕ್ಕೆ ತರಬೇಕೆಂದು ದೊಡ್ಡ ಕಾಲುವೆ ತೋಡಿಸಿದರು. ಖರ್ಚು ವಿಪರೀತವಾಯಿತು, ಕಾವೇರಿ ಮಾತ್ರ ಬರಲಿಲ್ಲ. ಬಾರದ ನದಿಗಾಗಿ ತೋಡಿದ ಹಳ್ಳಕ್ಕೆ ಊರಿನ ಕೊಳೆನೀರು ಸೇರಿ, ಅದೇ ಒಂದು ಪಿಡುಗಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಊರೊಳಗಿನ ಭಾಗವನ್ನು ಮಣ್ಣು ತುಂಬಿ ಮುಚ್ಚಿದರು. ಇವತ್ತು ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ಚಿಗುರೆಲೆ, ಕುಂಕುಮದ ರಾಶಿ ನೋಡುತ್ತ ನಿಂತವರ ಕಾಲ ಕೆಳಗಿರುವುದು ಆ ನಾಲೆಯ ಜಾಡೇ. ಊರ ಹೊರಗೆ ಉಳಿದ ತುಂಡುಗಳು ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರುವ ಕಾಲುವೆಯಾಗಿ, ಈಗಲೂ ಪೂರ್ಣಯ್ಯ ನಾಲೆ ಎಂಬ ಹೆಸರಿನಲ್ಲೇ, ಒತ್ತುವರಿಯ ಸುದ್ದಿಯಾಗಿ ಆಗಾಗ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತವೆ.

ನಾಲೆ ಮುಚ್ಚುವುದರಲ್ಲಿ ಡಚ್ಚರೂ ಕಡಿಮೆಯೇನಲ್ಲ. ಉಟ್ರೆಕ್ಟ್ 1970ರ ದಶಕದ ಹೊತ್ತಿಗೆ ತನ್ನ ಹಳೇ ಊರಿನ ಸುತ್ತಲ ನಾಲೆಯ ಒಂದು ಭಾಗದಿಂದ ನೀರು ತೆಗೆದು ಕಾರುಗಳಿಗೆ ಹೆದ್ದಾರಿ ಮಾಡಿಕೊಟ್ಟಿತ್ತು. ಬುದ್ಧಿ ಬಂದು ಹೆದ್ದಾರಿ ಕಿತ್ತುಹಾಕಿ, 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೀರು ಬಿಟ್ಟಿತು. ನಮ್ಮ ನಾಲೆಯ ಜಾಡಿನ ಮೇಲೇ ಇರುವ ಸಯ್ಯಾಜಿರಾವ್ ರಸ್ತೆಯಲ್ಲಿ ದೋಣಿ ತೇಲಲಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಆ ರಸ್ತೆಯಲ್ಲಿ ಎಲ್ಲೋ ಒಂದು ಕಡೆ, ಇಲ್ಲೊಂದು ನಾಲೆಯಿತ್ತು ಎಂದು ಹೇಳುವ ಒಂದು ಫಲಕ ಹಾಕಲು ಅಷ್ಟೊಂದು ಖರ್ಚಾಗುವುದಿಲ್ಲ.

ಈಗ ದಾರಿ. ಪಶ್ಚಿಮಕ್ಕೆ ಸಯ್ಯಾಜಿರಾವ್ ರಸ್ತೆ, ಪೂರ್ವಕ್ಕೆ ಅಶೋಕ ರಸ್ತೆ, ದಕ್ಷಿಣಕ್ಕೆ ಇರ್ವಿನ್ ರಸ್ತೆ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡರೆ ಮಂಡಿ ಮೊಹಲ್ಲಾದ ಅಂದಾಜು ಸಿಗುತ್ತದೆ. ಒಳಗಿನ ಓಣಿಗಳು ಅಗಲದಲ್ಲಿ ಎರಡು ಸ್ಕೂಟರಿಗೆ ಸಾಲುವಂಥವು. ಕಾರು ತಂದವರು ಪಶ್ಚಾತ್ತಾಪ ಪಡುತ್ತಾರೆ. ಶುರುಮಾಡಲು ಒಳ್ಳೆಯ ಜಾಗ ಆಯುರ್ವೇದ ಆಸ್ಪತ್ರೆ ವೃತ್ತ. ದಸರೆಯ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವಾಗ ಇಲ್ಲೇ ಹಾದುಹೋಗುತ್ತದೆ. ಆದ್ದರಿಂದ ವಿಜಯದಶಮಿಯ ದಿನ ಮೊಹಲ್ಲಾ ನೋಡುವ ಯೋಜನೆ ಬೇಡ. ಆನೆಯ ಬೆನ್ನು, ಜನರ ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ವೃತ್ತಕ್ಕೆ ಹೆಸರು ಕೊಟ್ಟ ಆಯುರ್ವೇದ ಶಿಕ್ಷಣ ಮೈಸೂರಿನಲ್ಲಿ 1908ರಲ್ಲಿ ಆರಂಭವಾದದ್ದು. ಇರ್ವಿನ್ ರಸ್ತೆಯ ಹೆಸರು 1926ರಿಂದ 1931ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಇರ್ವಿನ್‌ನದು. ಕನ್ನಂಬಾಡಿಯಿಂದ ಮಂಡ್ಯಕ್ಕೆ ನೀರು ಹರಿಸುವ ವಿಶ್ವೇಶ್ವರಯ್ಯ ನಾಲೆಗೂ ಮೊದಲು ಅವನದೇ ಹೆಸರಿತ್ತು. ನಾಲೆಯ ಹೆಸರು ಬದಲಾಯಿತು, ರಸ್ತೆಯದು ಜನರ ಬಾಯಲ್ಲಿ ಹಾಗೇ ಉಳಿಯಿತು. ವರ್ಷಗಟ್ಟಲೆ ಎಳೆದಾಡಿದ ಅಗಲೀಕರಣದಲ್ಲಿ ಈ ರಸ್ತೆಯ ಹಳೇ ಕಟ್ಟಡಗಳು ಮುಖ ಕಳೆದುಕೊಂಡಿವೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲುವಂಥದ್ದೇನಿಲ್ಲ, ಬಲಬದಿ ಎಡಬದಿ ನೋಡಿ ಒಳಗಿನ ಬೀದಿಗೆ ತಿರುಗಿಕೊಳ್ಳಿ.

ಒಳಗೆ ಬೀದಿಗಳ ಹೆಸರೇ ಅರ್ಧ ಚರಿತ್ರೆ. ಅಕ್ಬರ್ ರಸ್ತೆ, ಕಬೀರ್ ರಸ್ತೆ, ಸಾಡೆ ರಸ್ತೆ, ಬೆಂಕಿ ನವಾಬ್ ಬೀದಿ. ಬೆಂಕಿ ನವಾಬ ಎಂದು ಹೆಸರಾಗಿದ್ದವನು ಟಿಪ್ಪುವಿನ ಸೇನಾನಿ ಮಹಮ್ಮದ್ ರಜಾ. 1799ರ ಮಾರ್ಚ್‌ನಲ್ಲಿ, ಶ್ರೀರಂಗಪಟ್ಟಣ ಬೀಳುವುದಕ್ಕೆ ಎರಡು ತಿಂಗಳು ಮುಂಚೆ, ಕೊಡಗಿನ ಗಡಿಯ ಸಿದ್ದೇಶ್ವರದ ಕಾಳಗದಲ್ಲಿ ಸತ್ತ. ಸಾಡೆ ಎಂಬುದು ವೆಸ್ಲಿಯನ್ ಮಿಷನ್ನಿನ ಪಾದ್ರಿ ಜಿ.ಡಬ್ಲ್ಯು. ಸಾಡೆಯವರ ಹೆಸರು. ಅವರ ಕಾಲದಲ್ಲಿ ಎದ್ದ ಮೇರಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಿಂದ ಇದೇ ಸಾಡೆ ರಸ್ತೆಯಲ್ಲಿದೆ. ಆ ಉದ್ದನೆಯ ಹೆಸರು ಮೈಸೂರಿನಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಆಟೋದವರಿಗೆ, ಹೆರಿಗೆಗೆ ಬಂದವರಿಗೆ, ಅಲ್ಲೇ ಹುಟ್ಟಿದವರಿಗೆ, ಎಲ್ಲರಿಗೂ ಅದು ಮಿಷನ್ ಆಸ್ಪತ್ರೆ. ಸುಲ್ತಾನನ ಸೇನಾನಿ, ಇಂಗ್ಲೆಂಡಿನ ಪಾದ್ರಿ, ಮೊಘಲ ದೊರೆ, ನೇಕಾರ ಸಂತ ನೆರೆಹೊರೆಯಾಗಿರುವ ಇಂಥ ಬಡಾವಣೆ ಮೈಸೂರಿನ ಹೊಸ ಬಡಾವಣೆಗಳಲ್ಲಿ ಸಿಗದು. ಅಲ್ಲಿ ಮೊದಲ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಅಷ್ಟೇ.

ಇಷ್ಟಾದರೂ ಮಂಡಿ ಮೊಹಲ್ಲಾಕ್ಕೆ ಹೋಗಲೇಬೇಕಾದ ಕಾರಣ ಬೀದಿಯ ಹೆಸರಲ್ಲ, ಮರ. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ಎಂದು ಜಗತ್ತಿಗೆ ಹೆಸರಾದ ಕಲೆಯ ಕಾರ್ಖಾನೆಗಳು ಇರುವುದು ಈ ಓಣಿಗಳ ಮನೆಗಳಲ್ಲಿ. ಕಾರ್ಖಾನೆ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಬೀದಿಗೆ ತೆರೆದ ಒಂದು ಕೋಣೆ, ನೆಲದ ಮೇಲೆ ಮರದ ಪುಡಿಯ ಹಾಸು, ಕಿಟಕಿ ಪಕ್ಕ ಬೆಳಕಿಗೆ ಮುಖ ಮಾಡಿ ಕೂತ ಇಬ್ಬರೋ ಮೂವರೋ. ಹೊಸ್ತಿಲಲ್ಲಿ ನಿಂತು ಕೇಳಿದರೆ ಬೇಡ ಎನ್ನುವವರು ಕಡಿಮೆ.

ಕೆಲಸ ಶುರುವಾಗುವುದು ಕಾಗದದ ಮೇಲಿನ ಚಿತ್ರದಿಂದ. ಜಂಬೂಸವಾರಿಯ ಆನೆ ಎಂದಿಟ್ಟುಕೊಳ್ಳಿ. ಚಿತ್ರವನ್ನು ಕಿವಿ, ಸೊಂಡಿಲು, ಜೂಲು, ಅಂಬಾರಿಯ ಕಂಬ ಎಂದು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಅದಕ್ಕೊಪ್ಪುವ ಬಣ್ಣದ ಮರದ ತೆಳು ಹಲಗೆಗೆ ಅಂಟಿಸುತ್ತಾರೆ. ಇಲ್ಲಿ ಬಣ್ಣದ ಡಬ್ಬಿಯಿಲ್ಲ. ಹಳದಿ ಬೇಕಾದರೆ ಹಲಸು, ಕಪ್ಪಿಗೆ ಕರಿಮರ, ಉಳಿದ ಛಾಯೆಗಳಿಗೆ ಬೇರೆ ಬೇರೆ ಮರಗಳ ತಿರುಳು. ಬಿಲ್ಲಿನಾಕಾರದ ಗರಗಸ, ಅದರ ಅಲಗು ನೂಲಿನಷ್ಟು ತೆಳು. ಗರಗಸ ಹಿಡಿದ ಕೈ ಹೆಚ್ಚು ಅಲುಗುವುದಿಲ್ಲ. ತಿರುಗುವುದು ಹಲಗೆ ಹಿಡಿದ ಇನ್ನೊಂದು ಕೈ. ಉಗುರಿನಷ್ಟು ಅಗಲದ ಆನೆಯ ಕಿವಿ ಹಾಗೆ ಕತ್ತರಿಸಿ ಬೀಳುತ್ತದೆ. ಆಮೇಲೆ ಬೀಟೆಯ ಹಲಗೆಯ ಮೇಲೆ ಅದೇ ಆಕಾರವನ್ನು ಗೀಚಿ, ಉಳಿಯಿಂದ ಅದೇ ಆಳಕ್ಕೆ ಕೆತ್ತಿ, ಅಂಟು ಹಾಕಿ ಕೂರಿಸುವುದು. ಕೂದಲೆಳೆ ಸಂದಿ ಉಳಿದರೂ ಕೆಲಸ ಕೆಟ್ಟಂತೆ. ಎಲ್ಲ ಕೂತ ಮೇಲೆ ಉಜ್ಜಿ ಸಮ ಮಾಡಿ, ಕಣ್ಣು, ಬಟ್ಟೆಯ ಮಡಿಕೆ, ಎಲೆಯ ನರಗಳನ್ನು ಸೂಜಿಯಂಥ ಉಳಿಯಿಂದ ಗೀರಿ ಕಪ್ಪು ತುಂಬುತ್ತಾರೆ. ಕೊನೆಗೆ ಪಾಲಿಶ್. ಅಲ್ಲಿಯವರೆಗೆ ಧೂಳು ಹಿಡಿದ ಬೂದು ಹಲಗೆಯಾಗಿದ್ದದ್ದು ಪಾಲಿಶಿನ ಬಟ್ಟೆ ಒಮ್ಮೆ ಆಡಿದ ಕೂಡಲೇ ಕಂದು, ನೇರಳೆ, ಹಳದಿಯಾಗಿ ಎದ್ದು ನಿಲ್ಲುತ್ತದೆ. ಆ ಗಳಿಗೆ ನೋಡಲು ಸಿಕ್ಕರೆ ಬಿಡಬೇಡಿ.

ಈ ಕೆಲಸಕ್ಕೆ ಹಿಂದೆ ಬಳಸುತ್ತಿದ್ದದ್ದು ಆನೆಯ ದಂತ. ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲಿನ ಮೇಲೆ ಅದನ್ನು ಈಗಲೂ ನೋಡಬಹುದು. 1986ರ ಕಾನೂನು ತಿದ್ದುಪಡಿ ದೇಶದ ದಂತದ ವ್ಯಾಪಾರವನ್ನು, 1991ರದ್ದು ಆಮದು ದಂತವನ್ನೂ ನಿಲ್ಲಿಸಿತು. ಆನೆ ಉಳಿಯಬೇಕಾದರೆ ಅದು ಆಗಲೇಬೇಕಿತ್ತು. ಕುಶಲಕರ್ಮಿಗಳು ದಂತ ಬಿಟ್ಟು ಬಣ್ಣಬಣ್ಣದ ಮರಗಳಿಗೆ ತಿರುಗಿಕೊಂಡರು. ನನ್ನ ಕಣ್ಣಿಗೆ ಇವತ್ತಿನ ಕೆಲಸ ಬಿಳಿ ದಂತದ ಕೆಲಸಕ್ಕಿಂತ ಚೆಂದ. ಈಗ ಕಷ್ಟ ಬಂದಿರುವುದು ಬೀಟೆಗೇ. ಮರ ಸಿಗುವುದೇ ಅಪರೂಪ, ಸಿಕ್ಕರೆ ಬೆಲೆ ಕೈಗೆಟುಕದು. ಜೊತೆಗೆ 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿವೆ. ಭೌಗೋಳಿಕ ಸೂಚಿಕೆಯ ಮಾನ್ಯತೆಯೇನೋ ಮೈಸೂರು ಇನ್ಲೇಗೆ ಸಿಕ್ಕಿದೆ. ಆದರೆ ತುಂಡಿಗಿಷ್ಟು ಎಂದು ಕೂಲಿ ಪಡೆಯುವವನ ಮಗ ಉಳಿ ಹಿಡಿಯುವುದು ಮಾನ್ಯತೆಯ ಪತ್ರ ನೋಡಿ ಅಲ್ಲ, ಮನೆ ನಡೆಯುತ್ತದೆಯೇ ಎಂದು ನೋಡಿ. ಓಣಿಯಲ್ಲಿ ಕೂತು ಕೆಲಸ ಮಾಡುವವರಲ್ಲಿ ತಲೆ ನರೆತವರೇ ಹೆಚ್ಚು ಎಂಬುದನ್ನು ನೀವೇ ಗಮನಿಸುತ್ತೀರಿ. ಈ ಕುಶಲಕರ್ಮಿಗಳಲ್ಲಿ ಬಹುಪಾಲು ಮುಸ್ಲಿಮರು. ಅವರ ಉಳಿಯಿಂದ ದಿನವೂ ಹೊರಬರುವುದು ರಾಧಾಕೃಷ್ಣ, ಗಣಪತಿ, ಗೀತೋಪದೇಶ. ನಾವು ಅದನ್ನು ವಿಶೇಷವೆಂದು ಬರೆಯುತ್ತೇವೆ, ಅವರಿಗೆ ಅದು ಸೋಮವಾರದ ಆರ್ಡರ್.

ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡವನ್ನೂ ಇದರ ಜೊತೆ ನೋಡಬೇಕು. 1906ರಲ್ಲಿ ಅದಕ್ಕೆ ಅಡಿಗಲ್ಲಿಟ್ಟವನು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್. ಮರದ ಕೆಲಸ, ಲೋಹದ ಕೆಲಸ, ಚಿತ್ರಕಲೆಯನ್ನು ಒಂದೇ ಸೂರಿನಡಿ ಕಲಿಸಬೇಕೆಂಬುದು ಅರಮನೆಯ ಆಸೆಯಾಗಿತ್ತು. ಸರ್ಕಾರದ ಕಾವೇರಿ ಎಂಪೋರಿಯಂ ಇರುವುದು ಇಲ್ಲೇ. ಓಣಿಗೆ ಹೋಗುವ ಮುಂಚೆ ಒಳಗೆ ಹೊಕ್ಕು ಬೆಲೆಗಳನ್ನು ಗಮನಿಸಿಕೊಂಡರೆ ಮುಂದಿನ ಮಾತುಕತೆ ಸಲೀಸು.

ಹಸಿವಾದಾಗ ಅಕ್ಬರ್ ರಸ್ತೆಯ ಹನುಮಂತು ಹೋಟೆಲ್. ತೊಂಬತ್ತು ವರ್ಷ ದಾಟಿದ ಈ ಮಿಲಿಟರಿ ಹೋಟೆಲಿನ ಮಟನ್ ಪಲಾವ್‌ಗಾಗಿ ಬೆಂಗಳೂರಿನಿಂದ ಬೆಳಿಗ್ಗೆಯೇ ಹೊರಟು ಬರುವವರಿದ್ದಾರೆ. ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಪಕ್ಕದವರ ಮೊಣಕೈ ತಾಗುತ್ತದೆ. ತಡವಾಗಿ ಹೋದರೆ ಚಾಪ್ಸ್ ಮುಗಿದಿರುತ್ತದೆ. ಸಸ್ಯಾಹಾರಿಗಳಿಗೆ ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಮೈಸೂರು ಪಾಕ್ ಇದ್ದೇ ಇದೆ. ರಂಜಾನ್ ತಿಂಗಳಲ್ಲಿ ಬರುವುದಾದರೆ ಹಗಲು ಬೇಡ, ಸಂಜೆಯ ನಮಾಜಿನ ನಂತರ ಅಶೋಕ ರಸ್ತೆಯ ಮಸ್ಜಿದ್-ಎ-ಆಜಂ ಕಡೆಗೆ ನಡೆಯಿರಿ. ಹಲೀಮ್, ಸಮೋಸಾ, ಖರ್ಜೂರದ ಅಂಗಡಿಗಳ ನಡುವೆ ಊರೇ ಎದ್ದು ಕೂತಿರುತ್ತದೆ.

ಅಶೋಕ ರಸ್ತೆಗೆ ಬಂದಿರೆಂದರೆ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರ ತಾನಾಗಿ ಕರೆಯುತ್ತದೆ. ಅದಿರುವುದು ಲಷ್ಕರ್ ಮೊಹಲ್ಲಾದಲ್ಲಿ. ಆದರೆ ಕಾಲಿಗೆ ಮೊಹಲ್ಲಾದ ಗಡಿ ಗೊತ್ತಾಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟದ್ದು. ಗೋಪುರಗಳ ಎತ್ತರ 175 ಅಡಿ. ಸಂಜೆ ನಾಲ್ಕರ ನಂತರ ಪಶ್ಚಿಮದ ಬಿಸಿಲು ನೇರ ಮುಖಕ್ಕೆ ಬೀಳುವಾಗ ಹೋದರೆ ಒಳ್ಳೆಯದು. ನಡೆದು ಸೋತವರಿಗೆ ಟಾಂಗಾ ಇದೆ, ಸಿಕ್ಕರೆ. ಸೈಕಲ್ ಹತ್ತುವವರಿಗೆ 2017ರಲ್ಲಿ ಮೈಸೂರಿನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ನೆನಪಾಗಬಹುದು. ಮಂಡಿ ಮೊಹಲ್ಲಾದ ಒಳಗಂತೂ ಸೈಕಲ್ಲಿಗಿಂತ ಕಾಲೇ ಮೇಲು.

ಇನ್ನು ಎಚ್ಚರಿಕೆಯ ಮಾತು. ದೇವರಾಜ ಮಾರುಕಟ್ಟೆಯ ಬಾಗಿಲಲ್ಲೋ ಅರಮನೆಯ ಮುಂದೋ ನಗುನಗುತ್ತಾ ಒಬ್ಬರು ಸಿಗಬಹುದು. ಇವತ್ತು ಮಾರುಕಟ್ಟೆ ರಜೆ, ವಾರಕ್ಕೊಮ್ಮೆ ನಡೆಯುವ ಕುಶಲಕರ್ಮಿಗಳ ಸಂತೆ ಇವತ್ತೇ ಇದೆ, ಕಡಿಮೆ ದುಡ್ಡಿಗೆ ಕರೆದೊಯ್ಯುತ್ತೇನೆ ಎನ್ನುತ್ತಾರೆ. ಅಂಥ ವಾರದ ಸಂತೆ ಇಲ್ಲ. ಅವರು ಇಳಿಸುವುದು ಊದುಬತ್ತಿ, ಸುಗಂಧ ತೈಲದ ಅಂಗಡಿಯ ಮುಂದೆ, ನೀವು ಕೊಳ್ಳುವ ಬೆಲೆಯಲ್ಲಿ ಅವರ ಪಾಲೂ ಸೇರಿರುತ್ತದೆ. ಇದರಿಂದ ಕೆಟ್ಟ ಹೆಸರು ಬರುವುದು ಏನೂ ಮಾಡದ ಮೊಹಲ್ಲಾಕ್ಕೆ. ಬೇಡ ಎಂದು ಹೇಳಿ ಮುಂದೆ ನಡೆಯಿರಿ.

ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ದಿನ ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಕೆಲಸ ಕೂಡಿರುತ್ತದೆ. ಫೋಟೋ ತೆಗೆಯುವ ಮುಂಚೆ ಕೇಳಿ. ಇನ್ಲೇ ಕೊಳ್ಳುವಾಗ ಹಲಗೆ ತಿರುವಿ ಹಿಂಬದಿ ನೋಡಿ, ಬೀಟೆಯೋ ಬಣ್ಣ ಹಚ್ಚಿದ ಬೇರೆ ಮರವೋ ಎಂದು ವಿಚಾರಿಸಿ, ವಿದೇಶದ ನೆಂಟರಿಗೆಂದರೆ ರಶೀದಿ ತಪ್ಪದೆ ಪಡೆಯಿರಿ. ಚೌಕಾಸಿ ಎಂಪೋರಿಯಂ ಹೊರಗಿನ ದೊಡ್ಡ ಅಂಗಡಿಗಳಲ್ಲಿ ಇರಲಿ. ಓಣಿಯ ಕೋಣೆಯಲ್ಲಿ ಆನೆಯ ಕಿವಿ ಕತ್ತರಿಸುತ್ತಿರುವವರು ಹೇಳಿದ ಬೆಲೆಯನ್ನು ದಯವಿಟ್ಟು ಕೊಟ್ಟುಬಿಡಿ.