ಕಲ್ಲು ಬದಲಾದಂಗೆ ಶೈಲಿ ಬದಲಾಯ್ತು: ಬಾಗಳಿಯಿಂದ ಹಂಪಿವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ತೆಲಿಗಿಯಿಂದಲೇ ಮಾತಾಡ್ತಿದೀನಿ. ನಮ್ಮ ಕಡೆ ಒಂದು ಹಳೇ ಗುಡಿಯ ಕಂಬಗಳಿಗೆ ಆಯಿಲ್ ಪೇಂಟ್ ಹೊಡೆಸೋ ಮಾತು ನಡೀತಿತ್ತು. ನಾನು ಬೇಡ ಅಂದೆ. ಹಿರಿಯರೊಬ್ಬರು ಕೇಳಿದ್ರು: “ಚಾಲುಕ್ಯರು ಬದಲಾಯಿಸಿದ್ರು, ವಿಜಯನಗರದೋರು ಬದಲಾಯಿಸಿದ್ರು. ನಾವು ಬದಲಾಯಿಸಿದ್ರೆ ತಪ್ಪೇನಪಾ?” ನನಗೆ ಉತ್ತರ ಹೊಳೀಲಿಲ್ಲ. ಈ ಸಂಚಿಕೆ ಆ ಪ್ರಶ್ನೆಗೇ.

ನಾನು ಬಿಕಾಂ ಓದಿದೋನು, ಮೊದಲು ಕಣ್ಣಿಗೆ ಬೀಳೋದು ಕಚ್ಚಾ ಮಾಲು. ಬಾದಾಮಿ, ಪಟ್ಟದಕಲ್ಲಿನ ಕಲ್ಲು ಮರಳುಗಲ್ಲು. 6ರಿಂದ 8ನೇ ಶತಮಾನದ ಆ ಗುಡಿಗಳು ದಪ್ಪ, ಗಟ್ಟಿ. ಗೋಡೆ ಮೇಲೆ ದೊಡ್ಡ ದೊಡ್ಡ ಮೂರ್ತಿಗಳು. ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಎರಡೂ ಒಂದೇ ಊರಲ್ಲಿ ನಿಂತಿವೆ.

ಆಮೇಲೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಳಪದ ಕಲ್ಲು ಬಂತು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ. ಹಂಗಾಗಿ ಉಳಿ ಸಣ್ಣದಾಯ್ತು, ಕೆತ್ತನೆ ಸೂಕ್ಷ್ಮವಾಯ್ತು, ಕಂಬಗಳನ್ನ ಚರಕಿಗೆ ಹಾಕಿ ತಿರುಗಿಸಿ ನುಣುಪು ಮಾಡೋಕೆ ಸಾಧ್ಯವಾಯ್ತು. ನಮ್ಮ ಹರಪನಹಳ್ಳಿ ಪಕ್ಕದ ಬಾಗಳಿಯ ಕಲ್ಲೇಶ್ವರ ಗುಡಿ ಈ ತಿರುವಿನಲ್ಲಿ ನಿಂತಿದೆ. ರಾಷ್ಟ್ರಕೂಟರ ಕಾಲ ಮುಗಿದು ಚಾಲುಕ್ಯ ತೈಲಪನ ಕಾಲ ಶುರುವಾಗೋ ಹೊತ್ತಿನ ಕೆಲಸ ಅದು. ಅಲ್ಲಿ 987ರ ಶಾಸನವಿದೆ. ಸಭಾಮಂಟಪದ ಕಂಬಗಳ ನಡುವೆ ಅರ್ಧ ಗಂಟೆ ಓಡಾಡಿ, ಒಂದರಂಗೆ ಇನ್ನೊಂದಿಲ್ಲ ಅನಿಸುತ್ತೆ.

ತುಂಗಭದ್ರೆ ದಡದ ಕುರುವತ್ತಿಗೆ ಹೋಗಿ. 11ನೇ ಶತಮಾನದ ಮಲ್ಲಿಕಾರ್ಜುನ ಗುಡಿಯ ಬಾಗಿಲಲ್ಲಿ, ಕಂಬದ ತಲೆಯಿಂದ ಮುಂದಕ್ಕೆ ಬಾಗಿದ ಮದನಿಕೆಯರಿದ್ದಾರೆ. ಬೇಲೂರಿನ ಶಿಲಾಬಾಲಿಕೆಯರನ್ನ ಎಲ್ಲರೂ ನೋಡಿದೀರಿ. ಆ ಗುಡಿ 1117ರದ್ದು. ಅಂದ್ರೆ ಬೇಲೂರಿನ ಅಕ್ಕಂದಿರು ನಮ್ಮ ಕಡೆಯೋರು!

ಇನ್ನು ಹಂಪಿ. ಅಲ್ಲಿ ಸುತ್ತ ಇರೋದು ಗ್ರಾನೈಟು. ಆ ಬಿರುಸು ಕಲ್ಲಲ್ಲಿ ಕಿವಿಯೋಲೆಯ ಮಣಿ ಎಣಿಸೋ ಹಂಗೆ ಕೆತ್ತೋದು ಕಷ್ಟ. ಅದಕ್ಕೇ ಕಂಬದಿಂದ ಹಾರೋ ಯಾಳಿ, ಅಗಲವಾದ ಮಂಟಪ, ಇಟ್ಟಿಗೆ-ಗಾರೆಯ ಎತ್ತರದ ಗೋಪುರ. ನಾಜೂಕು ಮರೆತಿದ್ದರು ಅಂತಲ್ಲ. ಹಜಾರರಾಮ ಗುಡಿಯ ಒಳಗಿನ ನಾಲ್ಕು ಕರಿಕಲ್ಲಿನ ಕಂಬ ನೋಡಿದ್ರೆ ಗೊತ್ತಾಗುತ್ತೆ. ಜೊತೆಗೆ ಗುಡಿಯ ಬಳಕೆಯೂ ಬೆಳೆದಿತ್ತು: ಕಲ್ಯಾಣೋತ್ಸವ, ರಥಬೀದಿ, ಜಾತ್ರೆಯ ಜನ. ಜಾಗ ದೊಡ್ಡದಾಗಲೇಬೇಕಿತ್ತು.

ಈಗ ಹಿರಿಯರ ಪ್ರಶ್ನೆಗೆ ಬರ್ತೀನಿ. ಬದಲಾವಣೆ ತಪ್ಪಲ್ಲ, ಒಪ್ಪಿದೆ. ಬಣ್ಣವೂ ಹೊಸದಲ್ಲ, ಹಂಪಿ ವಿರೂಪಾಕ್ಷನ ರಂಗಮಂಟಪದ ಚಾವಣಿ ತುಂಬಾ ಚಿತ್ರಗಳಿವೆ. ಆದ್ರೆ ಅವು ಚಿತ್ರಕ್ಕೇ ಅಂತ ಹಾಕಿದ ಗಾರೆಯ ಮೇಲಿವೆ. ಆಯಿಲ್ ಪೇಂಟ್ ಹೋಗಿ ಕೂರೋದು ಉಳಿ ಮಾಡಿದ ಸಣ್ಣ ಗೀರುಗಳ ಒಳಗೆ. ಎರಡು ಕೋಟ್ ಆದಮೇಲೆ ಮುಖದ ಕಣ್ಣು, ಶಾಸನದ ಅಕ್ಷರ ಎರಡೂ ತುಂಬಿಹೋಗುತ್ತವೆ. ಮುಂದೆ ತೆಗೀಬೇಕಂದ್ರೆ ಪರಿಣತರೇ ಬೇಕು, ಹೊಡೆಸಿದ್ದಕ್ಕಿಂತ ಜಾಸ್ತಿ ಖರ್ಚು.

ಹಿಂದಿನೋರು ತಮ್ಮ ಕಾಲದ ಕೆಲಸ ಮಾಡಿ ಸೇರಿಸಿದ್ರು, ಅದಕ್ಕೇ ಇವತ್ತು ನಾವು ಮೂರು ಕಾಲ ಬೇರೆ ಬೇರೆಯಾಗಿ ಓದ್ತಿದೀವಿ. ನಾವೂ ಸೇರಿಸೋಣ: ಹೊರಗೊಂದು ಹೊಸ ಮಂಟಪ ಕಟ್ಟಿ, ಅದಕ್ಕೆ ಬೇಕಾದ ಬಣ್ಣ ಹೊಡೀರಿ. ಹಳೇ ಕಂಬ ಹಂಗೇ ಇರಲಿ.

ನಿಮ್ಮೂರ ಗುಡಿಯಲ್ಲಿ ಇಂಥ ಮಾತು ನಡೀತಿದ್ರೆ, ಪೇಂಟ್ ಡಬ್ಬಿ ತೆರೆಯೋ ಮುಂಚೆ ಇದನ್ನ ಕಮಿಟಿಯೋರಿಗೆ ಕೇಳಿಸಿ. ಮುಂದಿನ ವಾರ ಸಿಗೋಣ.